ಶೇಂಗಾ ಹೊಲದಲ್ಲಿ ನನ್ನ ದನಿ

ಗೋಕಾಕದಲ್ಲಿ ನಮ್ಮ ಮನೆತನದವರ ಎದುರು ದನಿ ಎತ್ತಿ ಮಾತಾಡಿದವರಿಲ್ಲ. ಅಜ್ಜನವರು ಊರ ಪಂಚರು, ತಂದೆಯವರು ವಕೀಲರು, ನಾನು ಕಾನ್ವೆಂಟಿನಲ್ಲಿ ಕಲಿತವಳು. ಹಲವು ವರ್ಷಗಳಿಂದ ರೇಡಿಯೋದಲ್ಲಿ ರಾತ್ರಿ ಊಟದ ಹೊತ್ತಿಗೆ ಮಾತುಕತೆಯ ಕಾರ್ಯಕ್ರಮ ನಡೆಸುತ್ತಿದ್ದೇನೆ. ಕೇಳುವವರಿಲ್ಲವೆಂದು ಅದನ್ನು ನಿಲ್ಲಿಸುವ ಮಾತು ಬಂದಾಗ ದಡ್ಡಿ ಎಂಬ ಹಳ್ಳಿಯ ರೈತರೊಬ್ಬರು ನಿಲಯಕ್ಕೆ ಫೋನ್ ಮಾಡಿ, "ಅಕ್ಕಾರ ಮಾತು ನಿಲ್ಲಿಸಬ್ಯಾಡ್ರಿ" ಎಂದು ಬೇಡಿಕೊಂಡರಂತೆ. ಧನ್ಯವಾದ ಹೇಳಲು ನಾನೇ ಅವರಲ್ಲಿಗೆ ಹೋದೆ.

ಅವರು ನನ್ನನ್ನು ನೇರವಾಗಿ ಹೊಲಕ್ಕೆ ಕರೆದೊಯ್ದರು. ಶೇಂಗಾ ಬೆಳೆಯ ನಡುವೆ ಒಂದು ಕಂಬಕ್ಕೆ ರೇಡಿಯೋ ಕಟ್ಟಿತ್ತು.

"ಕಾಡಹಂದಿ ಕಾಟ ಭಾಳ ಇತ್ರಿ ಅಕ್ಕಾರ. ಹಾಡು ಹಚ್ಚಿದ್ರ ಹೆದರ್ತಿದ್ದಿಲ್ಲ. ನೀವು ಮಾತಾಡಾಕ ಸುರು ಮಾಡಿದ್ರ ಒಂದೂ ಬರಂಗಿಲ್ರಿ."

"ನೀವು ಕೇಳುವುದಿಲ್ಲವೇ?"

"ನಾ ಆಗ ಮನಿಗೆ ಹೋಗಿ ಉಣ್ತೇನ್ರಿ. ಹೊಲದಾಗ ನೀವು ಇರ್ತೀರಲ್ಲ!"

ಅವರ ಹೆಂಡತಿ ಅದೇ ಹೊಲದ ಶೇಂಗಾದಿಂದ ನನ್ನ ಉಡಿ ತುಂಬಿದರು. ಇದು ಸನ್ಮಾನವೋ ಅವಮಾನವೋ ನನಗೆ ಈಗಲೂ ತಿಳಿಯುತ್ತಿಲ್ಲ. ಸುದ್ದಿ ಕೇಳಿದ ನಿಲಯದ ಮುಖ್ಯಸ್ಥರು ಎಲ್ಲರೆದುರು ಬಿದ್ದು ಬಿದ್ದು ನಕ್ಕು, ಸುಗ್ಗಿ ಮುಗಿಯುವವರೆಗೆ ಕಾರ್ಯಕ್ರಮ ಮುಂದುವರಿಯಲಿ ಎಂದರು.

ಆ ರೈತರ ಮೇಲೆ ನನ್ನ ದೂರಿಲ್ಲ. ಮುಖ್ಯಸ್ಥರು ನನ್ನ ಕ್ಷಮೆ ಕೇಳಬೇಕು.