ಫಕ್ಕೀರಪ್ಪನವರ ಕಂಪ್ಯೂಟರ್

ಹೆಡ್ ಆಫೀಸಿನ ದೊಡ್ಡ ಕಂಪ್ಯೂಟರಾದ ಮೇನ್‌ಫ್ರೇಮಿನಿಂದ ಶಿಗ್ಗಾಂವಿಯ ಬೀಜದ ಕಚೇರಿಗೆ ಫೈಲು ಇಳಿಯುತ್ತಲೇ ಇರಲಿಲ್ಲ. ಸರಿಪಡಿಸಲು ನನ್ನನ್ನು ಕಳಿಸಿದ್ದರು. ಡೇಟಾಬೇಸಿಗೆ ಏನು ಕೇಳಿದರೂ ಒಂದೇ ಉತ್ತರ: ಈ ಕಡತವನ್ನು ಬೇರೊಬ್ಬರು ತೆರೆದಿಟ್ಟಿದ್ದಾರೆ. ಹುಡುಕಿದರೆ, ಅದು ತೆರೆದಿದ್ದದ್ದು ಇದೇ ಕಚೇರಿಯ ಮೂಲೆಯ ಕಂಪ್ಯೂಟರಿನಲ್ಲಿ. ಮುಂದೆ ಖಾಲಿ ಕುರ್ಚಿ.

"ಅದು ನಮ್ಮ ಫಕ್ಕೀರಪ್ಪನವರದ್ರಿ," ಅಂದರು ಗುಮಾಸ್ತೆ ರೇಣವ್ವ. "ಮೊನ್ನೆ ಕೆಲಸ ಮಾಡ್ತ ಮಾಡ್ತನ ಎದಿ ಹಿಡ್ಕೊಂಡ್ರು. ಹೋಗೇ ಬಿಟ್ರು. ಅವರು ತೆರೆದಿಟ್ಟದ್ದನ್ನ ಮುಚ್ಚಾಕ ನಮಗ್ಯಾರಿಗೂ ಕೈ ಏಳವಲ್ದು. ನೀವು ಹೊರಗಿನವ್ರು, ನೀವ ಮುಚ್ಚ್ರಿ."

ನಾನು ಮೌಸ್ ಹಿಡಿದೆ.

"ತಡೀರಿ. ಚಾ ಕುಡೀದನ ಅವರೆಂದೂ ಕುರ್ಚಿ ಬಿಟ್ಟು ಎದ್ದವರಲ್ಲ."

ರೇಣವ್ವ ಬಿಸಿ ಚಹಾ ತಂದು ಕೀಬೋರ್ಡಿನ ಪಕ್ಕ ಇಟ್ಟರು. ನಾನು ಮೌಸಿನಿಂದ ಕೈ ತೆಗೆದೆ.

ಅಷ್ಟರಲ್ಲಿ ಹೆಡ್ ಆಫೀಸಿನಿಂದ ಫೋನು: ಇನ್ನೂ ಯಾಕೆ ತಡ?

"ಐದು ನಿಮಿಷ ಸರ್," ಅಂದೆ, "ಫಕ್ಕೀರಪ್ಪನವರು ಚಹಾ ಕುಡೀತಿದಾರೆ."