ಅಪ್ಪನ ದಾರ, ಅಮ್ಮನ ಟಾರ್ಚು

ನಮ್ಮಪ್ಪ ಮೂವತ್ತಾರು ವರ್ಷ ಕರೆಂಟಿನ ಕೆಲಸ ಮಾಡಿದವನು. ಅದರಲ್ಲಿ ಮೂವತ್ತನಾಲ್ಕು ವರ್ಷ ಅಮ್ಮ ಅವನ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಳು. ಕತ್ತಲಿದ್ದರೆ ಸರಿ, ಹಾಡಹಗಲಲ್ಲೂ ಹಿಡಿಯುತ್ತಿದ್ದಳು. "ಜೋಡೆತ್ತು ಬಂತು, ದಾರಿ ಬಿಡ್ರಪ್ಪಾ" ಎಂದು ಜನ ಆಡಿಕೊಂಡು ನಗುತ್ತಿದ್ದರು. ಅಮ್ಮ ಬಟ್ಟೆ ಹೊಲಿಯುವವಳು. ಅಪ್ಪ ಕರೆದ ಕೂಡಲೇ ಅರ್ಧ ಹೊಲಿದ ಅಂಗಿಯನ್ನು ಮೆಷಿನ್ನಿನ ಮೇಲೇ ಬಿಟ್ಟು ಎದ್ದುಬಿಡುತ್ತಿದ್ದಳು. ಗಿರಾಕಿಗಳ ಬೈಗುಳ ಕೇಳುವ ಪಾಳಿ ನನ್ನದು. ಒಮ್ಮೆ ನನ್ನ ಪರೀಕ್ಷೆಯ ದಿನವೇ ತಲೆ ಬಾಚುವುದನ್ನು ಅರ್ಧಕ್ಕೆ ಬಿಟ್ಟು ಹೋದಳು. ಒಂದು ಕಡೆ ಜಡೆ, ಇನ್ನೊಂದು ಕಡೆ ಕೆದರಿದ ಕೂದಲು. ಹಾಗೇ ಹೋಗಿ ಪರೀಕ್ಷೆ ಬರೆದು ಬಂದೆ. ಆ ಸಿಟ್ಟನ್ನು ಬಹಳ ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ. ಗಂಡನ ಮೇಲೆ ಇದೆಂಥ ಮೋಹ ಈಕೆಗೆ ಎಂದು ಮೂಗು ಮುರಿಯುತ್ತಿದ್ದೆ.

ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೂ ಅಪ್ಪ ಕೆಲಸ ಬಿಡಲಿಲ್ಲ. ಟಾರ್ಚನ್ನು ಸಾಮಾನಿನ ಪೆಟ್ಟಿಗೆಯ ತಳಕ್ಕೆ ಹಾಕಿದ. ಅಮ್ಮನ ಹೊಲಿಗೆ ಡಬ್ಬಿಯಿಂದ ಬಿಳಿ ದಾರದ ಒಂದು ಉಂಡೆ ಕೇಳಿ ತೆಗೆದುಕೊಂಡ. ನೆನಪಿಗೆ ಇಟ್ಟುಕೊಳ್ಳುತ್ತಾನೆ ಪಾಪ ಎಂದುಕೊಂಡು ಕೊಟ್ಟೆ.

ಇನ್ನು ನಮ್ಮ ಸಂಸಾರ. ನಾನೂ ನನ್ನ ಗಂಡನೂ ಇರುವುದು ಒಂದು ಕ್ಯಾಂಪರಿನಲ್ಲಿ, ಅಂದರೆ ಮನೆಯಂತೆ ವಾಸಿಸಬಹುದಾದ ಗಾಡಿಯಲ್ಲಿ. ಹೆಸರಿಗೆ ಗಾಡಿ, ಚಕ್ರ ಉರುಳಿ ಮೂರು ವರ್ಷವಾಗಿದೆ. ಒಂದು ಮಂಚ, ಒಂದು ಒಲೆ, ಕಿಟಕಿಯ ಕೆಳಗೆ ನನ್ನ ಹೊಲಿಗೆ ಮೆಷಿನ್ನು. ಇಬ್ಬರೂ ಒಟ್ಟಿಗೆ ಎದ್ದು ನಿಂತರೆ ಒಬ್ಬರು ಬಾಗಿಲಿಂದಾಚೆ ಹೋಗಬೇಕು. ಇಂಥ ನಲವತ್ತು ಗಾಡಿಗಳು ಸಾಲಾಗಿ ನಿಂತಿರುವ ಅಂಗಳ ನಮ್ಮದು. ಒಂದೊಂದಕ್ಕೂ ಒಂದು ಕರೆಂಟ್ ಕಂಬ, ಒಂದು ನಲ್ಲಿ. ಅಂಗಳದ ಮೇಲ್ವಿಚಾರಕನ ಕತ್ತಿನಲ್ಲಿ ಸದಾ ಒಂದು ಸೀಟಿ ನೇತಾಡುತ್ತಿರುತ್ತದೆ, ಆದ್ದರಿಂದ ಅವನಿಗೆ ಸೀಟಿ ಎಂದೇ ಹೆಸರು. ಹಿಂದಿನ ವರ್ಷ ಯಾವುದೋ ಗಾಡಿಯಲ್ಲಿ ವೈರಿಂಗ್ ಕೆಟ್ಟು ಬೆಂಕಿ ಬಿದ್ದ ಮೇಲೆ ಅವನು ಎರಡು ಕಟ್ಟಳೆ ಮಾಡಿದ್ದ. ಆಫೀಸಿನ ಹಲಗೆಯಲ್ಲಿ ಹೆಸರಿರುವವರು ಮಾತ್ರ ಕರೆಂಟಿನ ಕೆಲಸ ಮಾಡಬೇಕು, ಮತ್ತು ಕೆಲಸ ಮುಗಿಯುವ ತನಕ ಅವನು ಬಾಗಿಲಲ್ಲಿ ನಿಂತು ನೋಡಬೇಕು. ಹಲಗೆಯ ಮೇಲಿನ ಮೊದಲ ಹೆಸರು ಅಪ್ಪನದು.

ನನ್ನ ಗಂಡ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದವರು. ಹನ್ನೆರಡು ವರ್ಷ ಕುಡಿದ ದೂಳು ಶ್ವಾಸಕೋಶದಲ್ಲಿ ಕೂತಿದೆ. ಹಗಲೂ ರಾತ್ರಿ ಮೂಗಿಗೆ ನಳಿಕೆ, ನಳಿಕೆಯ ಇನ್ನೊಂದು ತುದಿಗೆ ಆಮ್ಲಜನಕದ ಯಂತ್ರ. ಗೋಡೆಯ ಕರೆಂಟಿಗೆ ಚುಚ್ಚುವ ಅದರ ಅಡಾಪ್ಟರು ಸುಟ್ಟುಹೋಗಿ, ಹೊಸದು ಬರಲು ಇನ್ನೂ ನಾಲ್ಕು ದಿನವಿತ್ತು. ಅಲ್ಲಿಯವರೆಗೆ ಮಂಚದ ಪಕ್ಕದ ಸಾಕೆಟ್ಟೇ ಗತಿ. ಆ ಸಾಕೆಟ್ಟಿಗೆ ಕರೆಂಟು ಬರುವುದು ಗಾಡಿಯ ಬ್ಯಾಟರಿಯಿಂದ. ಬ್ಯಾಟರಿಗೆ ಜೀವ ತುಂಬುವುದು ಮಂಚದ ಕೆಳಗಿನ ಕನ್ವರ್ಟರ್, ಅಂದರೆ ಕಂಬದ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಇಳಿಸಿಕೊಡುವ ಒಂದು ತಗಡಿನ ಪೆಟ್ಟಿಗೆ.

ಆ ಪೆಟ್ಟಿಗೆಯೇ ನನ್ನ ಶತ್ರು. ಮೊದಮೊದಲು ಡಬ್ಬಿಯಲ್ಲಿ ಕಣಜ ಸಿಕ್ಕಿಕೊಂಡಂತೆ ಗುಂಯ್‌ಗುಡುತ್ತಿತ್ತು. ಬರಬರುತ್ತಾ ಗರ್‌ರೆಂದು ಅರಚತೊಡಗಿತು. "ನಿನ್ನ ಗೊರಕೆಗಿಂತ ವಾಸಿ ಬಿಡು" ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ನನಗೆ ತಮಾಷೆಯಾಗಿರಲಿಲ್ಲ. ಆ ಗದ್ದಲದಲ್ಲಿ ಅವರ ಉಸಿರು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಅವರ ಬೆನ್ನ ಮೇಲೆ ಅಂಗೈ ಇಟ್ಟುಕೊಂಡೇ ಮಲಗುತ್ತಿದ್ದೆ. ಕೈ ಜಾರಿದರೆ ಎಚ್ಚರವಾಗುತ್ತಿತ್ತು. ಒಂದು ಬೆಳಿಗ್ಗೆ ಪೆಟ್ಟಿಗೆಯಿಂದ ಸುಟ್ಟ ವಾಸನೆ ಬಂತು. ಅಪ್ಪನಿಗೆ ಫೋನು ಮಾಡಿದೆ.

ಹತ್ತು ಗಂಟೆಗೆಲ್ಲ ಅಪ್ಪ ಹೊಸ ಕನ್ವರ್ಟರ್ ಹೊತ್ತು ಬಂದ. ವ್ಯಾನಿನಿಂದ ಇಳಿಯುವಾಗ ಕರೆಂಟು ಅಳೆಯುವ ಮೀಟರು ಕೈಜಾರಿ ಕಲ್ಲಿನ ಮೇಲೆ ಬಿತ್ತು, ಅದರ ಪರದೆ ಸತ್ತುಹೋಯಿತು.

"ಇನ್ನೊಂದು ತರಿಸೋಣ್ವಾ?" ಎಂದು ಬಾಗಿಲಲ್ಲಿ ನಿಂತಿದ್ದ ಸೀಟಿ ಕೇಳಿದ.

"ಬೇಡ ಸಾರ್, ಇದೇನು ಮಹಾ ಕೆಲಸ. ಹಳೇದು ಬಿಚ್ಚೋದು, ಹೊಸದು ಕೂರ್ಸೋದು" ಎಂದ ಅಪ್ಪ.

ಕೆಲಸ ಮುಗಿಯುವ ತನಕ ಗಾಡಿಯ ಬ್ಯಾಟರಿಯನ್ನೂ ಬಿಡಿಸಬೇಕಿತ್ತು. ಅಷ್ಟು ಹೊತ್ತು ಯಂತ್ರ ತನ್ನೊಳಗಿನ ಪುಟ್ಟ ಬ್ಯಾಟರಿಯ ಮೇಲೆ ಓಡಬೇಕು. ಅದು ತಾಳುವುದು ನಲವತ್ತು ನಿಮಿಷ. ಅಪ್ಪನ ಕೆಲಸಕ್ಕೆ ಇಪ್ಪತ್ತೈದು ಸಾಕು. ನಾನು ಗಡಿಯಾರ ನೋಡಿಕೊಂಡೆ. ಯಂತ್ರದ ಮುಖದಲ್ಲಿ ನಾಲ್ಕು ಗೆರೆ ಉರಿಯುತ್ತಿದ್ದವು.

ಹಳೆಯ ಪೆಟ್ಟಿಗೆಯನ್ನು ಅಪ್ಪ ಸರಾಗವಾಗಿ ಬಿಚ್ಚಿದ. ಹದಿಮೂರು ನಿಮಿಷ. ಹೊಸದಕ್ಕೆ ಉದ್ದನೆಯ ತಿರುಪು ಬೇಕಾಯಿತು. ತರಲೆಂದು ಅವನು ತನ್ನ ವ್ಯಾನಿನ ಹತ್ತಿರ ಹೋದ. ಸೀಟಿಯೂ ಹಿಂದೆಯೇ ಹೋಗಿ ಎಂಥದೋ ಕಾಗದಕ್ಕೆ ರುಜು ಹಾಕಿಸಿಕೊಳ್ಳತೊಡಗಿದ. ಆ ಹೊತ್ತಿನಲ್ಲಿ ನಾನು ಸುಮ್ಮನೆ ಕೂರಬಾರದಿತ್ತೇ? ದೂಳು ಇವರ ಮೂಗಿಗೆ ಹೋಗುತ್ತದೆಂದು ಒದ್ದೆ ಬಟ್ಟೆ ಹಿಡಿದು ಮಂಚದ ಕೆಳಗೆ ತೂರಿದೆ. ಗೋಡೆಯಿಂದ ಹೊರಬಂದ ಎರಡು ದಪ್ಪ ತಂತಿ, ಎರಡರಲ್ಲೂ ಒಂದೊಂದು ಬಿಳಿ ದಾರ ತೂಗಾಡುತ್ತಿತ್ತು.

ಹೊಲಿಗೆಯವರಿಗೆ ತೂಗಾಡುವ ದಾರ ಕಂಡರೆ ಕೈ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಗುರುತೇ ಇಲ್ಲದವರ ತೋಳಿನ ದಾರ ಕಿತ್ತು ಬೈಸಿಕೊಂಡವಳು ನಾನು. ಪುಟ್ಟ ಕತ್ತರಿ ಕೊರಳಲ್ಲೇ ಇತ್ತು. ಚಕ್, ಚಕ್. ಎರಡೂ ದಾರವನ್ನು ದೂಳಿನ ಜೊತೆ ಬಳಿದು ಕಸದ ಬುಟ್ಟಿಗೆ ಹಾಕಿದೆ. ಚೊಕ್ಕಟವಾಯಿತು ಎಂಬ ತೃಪ್ತಿ ಬೇರೆ.

ಅಪ್ಪ ಬಂದು ಹೊಸ ಪೆಟ್ಟಿಗೆ ಕೂರಿಸಿ, ತಿರುಪು ಬಿಗಿದು, ತಂತಿಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು.

"ಇಲ್ಲಿ ದಾರ ಇತ್ತಲ್ಲ?"

"ಕತ್ತರಿಸ್ದೆ. ಯಾಕೆ?"

ಅಪ್ಪ ಎರಡೂ ತಂತಿಗಳನ್ನು ಎತ್ತಿ ಹಿಡಿದು ನೋಡಿದ. ಬೆರಳಿನಿಂದ ಉಜ್ಜಿದ, ಮತ್ತೆ ನೋಡಿದ. ಗಡಿಯಾರದಲ್ಲಿ ಇಪ್ಪತ್ತಾರು ನಿಮಿಷವಾಗಿತ್ತು, ಯಂತ್ರದಲ್ಲಿ ಎರಡು ಗೆರೆ ಉಳಿದಿದ್ದವು.

"ಏನಾಯ್ತಪ್ಪಾ?"

"ಏನಿಲ್ಲ. ಪೆಟ್ಟಿಗೇಲಿ ನಿಮ್ಮಮ್ಮನ ಟಾರ್ಚಿದೆ, ತಗೊಂಡು ಹಿಡಿ."

ಕಿಟಕಿಯಿಂದ ಧಾರಾಳ ಬೆಳಕಿತ್ತು. ಆದರೂ ಹುಡುಕಿ ತಂದು ಅವನ ಕೈಗಳ ಮೇಲೆ ಬೆಳಕು ಬಿಟ್ಟೆ.

"ಸರಿಯಾಗ್ ಹಿಡಿ."

"ಸರಿಯಾಗೇ ಹಿಡಿದಿದೀನಲ್ಲ."

"ನಿಮ್ಮಮ್ಮ ಹಿಡೀತಿದ್ದ ಹಾಗೆ ಹಿಡಿ."

"ಅವ್ಳು ಹೆಂಗೆ ಹಿಡೀತಿದ್ಲೋ ನಂಗೇನು ಗೊತ್ತು! ಯಾವತ್ತಾದ್ರೂ ನನ್ನ ಕರ್ಕೊಂಡ್ ಹೋಗಿದ್ರಾ ನೀವಿಬ್ರೂ?" ಎಂದು ರೇಗಿದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಹೆದರಿಕೆಯಾದಾಗಂತೂ ಅದೇ ಮೊದಲು ಬರುತ್ತದೆ. ಅಪ್ಪನಿಗೆ ಮರೆವು ಶುರುವಾಗಿದೆ, ಅರ್ಧ ಕೆಲಸದಲ್ಲಿ ದಿಕ್ಕು ತಪ್ಪಿ ಕೂತಿದ್ದಾನೆ ಎಂದೇ ನಾನು ತಿಳಿದೆ.

ಅಪ್ಪ ಬಾಗಿಲ ಕಡೆ ತಿರುಗಿ ನಗಲು ನೋಡಿದ. "ಸಾರ್, ನೀವೊಂದು ಲೋಟ ಟೀ ಕುಡ್ಕೊಂಡ್ ಬನ್ನಿ. ಐದೇ ನಿಮಿಷ, ಮುಗ್ದೇ ಹೋಯ್ತು."

"ಮುಗೀಲಿ, ಆಮೇಲೆ ಒಟ್ಟಿಗೇ ಕುಡಿಯೋಣ" ಎಂದು ಸೀಟಿ ಬಾಗಿಲಿಗೆ ಒರಗಿ ನಿಂತ.

ಮೂವತ್ತೆರಡು ನಿಮಿಷ. ಯಂತ್ರ ಕೀಂಕ್ ಎಂದಿತು. ಒಂದೇ ಗೆರೆ. ಅರ್ಧ ನಿಮಿಷ ಬಿಟ್ಟು ಇನ್ನೊಮ್ಮೆ ಕೀಂಕ್ ಎಂದಿತು. ಅಡಾಪ್ಟರು ಸುಟ್ಟ ದಿನವೂ ಹೀಗೇ ಕೂಗಿತ್ತು. ನಲವತ್ತು ನಿಮಿಷವೆಂಬುದು ಯಂತ್ರ ಹೊಸದಿದ್ದಾಗಿನ ಲೆಕ್ಕ ಎಂದು ನನಗೆ ಆಗ ಹೊಳೆಯಿತು. ನಳಿಕೆಯ ಗಾಳಿ ಆಗಲೇ ಕಡಿಮೆಯಾಗಿ, ನನ್ನ ಗಂಡ ಎದ್ದು ಕೂತು, ಎರಡೂ ಕೈಯನ್ನು ಮಂಡಿಯ ಮೇಲೆ ಊರಿ, ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿದ್ದರು.

"ಮಾವಾ... ನಿಧಾನಕ್ಕೆ ಮಾಡಿ... ನಂಗೇನಾಗಿಲ್ಲ" ಎಂದರು. ಅಷ್ಟು ಹೇಳಲು ಮೂರು ಸಲ ಉಸಿರು ತೆಗೆದುಕೊಂಡರು.

"ಸುಮ್ನೆ ಯಾವ್ದೋ ಒಂದು ಹಾಕಿಬಿಡಪ್ಪಾ!" ಎಂದು ಕಿರುಚಿದೆ.

"ತಿರುವುಮುರುವಾದ್ರೆ ಹೊಸ ಪೆಟ್ಟಿಗೇನೂ ಸುಡುತ್ತೆ, ಅಳಿಯಂದಿರ ಯಂತ್ರಾನೂ ಸುಡುತ್ತೆ" ಎಂದ ಅಪ್ಪ. ಅವನ ಹಣೆಯಿಂದ ಬೆವರು ತಂತಿಯ ಮೇಲೆ ತೊಟ್ಟಿಕ್ಕಿತು.

ಆಮೇಲೆ ಅವನು ತಲೆಯೆತ್ತಿ ಅಳಿಯನ ಮುಖ ನೋಡಿದ. ಅವರ ತುಟಿ ನೀಲಿಗಟ್ಟುತ್ತಿತ್ತು. ನೀಲಿ ಅಪ್ಪನಿಗೆ ಕಾಣುತ್ತದೆ.

"ಪುಟ್ಟಿ" ಎಂದ. ಸೀಟಿಗೂ ಕೇಳುವಂತೆ, ದೊಡ್ಡದಾಗಿಯೇ ಹೇಳಿದ. "ಇದ್ರಲ್ಲಿ ಕೆಂಪು ಯಾವ್ದು, ಕಪ್ಪು ಯಾವ್ದು ಹೇಳು. ನಂಗೆ ಎರಡೂ ಒಂದೇ ಥರ ಕಾಣುತ್ತೆ. ಹುಟ್ಟಿದಾಗಿಂದ ಹಾಗೇ."

ಕೊಳೆ ಹಿಡಿದಿದ್ದರೂ ಅವನ ಎಡಗೈಯಲ್ಲಿದ್ದ ತಂತಿ ಕಣ್ಣಿಗೆ ಹೊಡೆಯುವಷ್ಟು ಕೆಂಪಗಿತ್ತು.

"ಎಡಗೈದು ಕೆಂಪು."

"ಖಂಡಿತಾ?"

"ಖಂಡಿತಾ ಅಪ್ಪಾ. ಎಡಗೈದು."

ಮುಂದಿನದೆಲ್ಲ ಎರಡೇ ನಿಮಿಷ. ಎಡಗೈಯ ತಂತಿ ಒಂದು ತಿರುಪಿಗೆ, ಬಲಗೈಯದು ಇನ್ನೊಂದಕ್ಕೆ, ಆಮೇಲೆ ಬ್ಯಾಟರಿ, ಆಮೇಲೆ ಪ್ಲಗ್ಗು. ಸಾಕೆಟ್ಟಿನ ದೀಪ ಹತ್ತಿತು. ಯಂತ್ರದ ಕೂಗು ನಿಂತಿತು. ಗಾಡಿಯೊಳಗೆ ಗರ್‌ರೆನ್ನುವ ಸದ್ದೇ ಇಲ್ಲ. ತಿಂಗಳುಗಳ ಮೇಲೆ ಮೊದಲ ಸಲ ನನ್ನ ಗಂಡನ ಉಸಿರು ನನ್ನ ಕಿವಿಗೆ ಬಿತ್ತು. ಒರಟಾಗಿತ್ತು, ಎಳೆದೆಳೆದು ಬರುತ್ತಿತ್ತು, ಆದರೆ ಬರುತ್ತಿತ್ತು. ನಾನು ಸದ್ದು ಮಾಡಿಕೊಂಡೇ ಅತ್ತೆ.

ಅಪ್ಪ ಸಾಮಾನು ಜೋಡಿಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದ. "ಮದ್ವೆಯಾದ ಹದಿನೈದು ದಿನಕ್ಕೇ ನಿಮ್ಮಮ್ಮಂಗೆ ಗೊತ್ತಾಗೋಯ್ತು. ಕೆಂಪು ದಾರ ಕೊಡಿ ಅಂದ್ಲು, ಕಪ್ಪು ದಾರ ಕೊಟ್ಟೆ. ಏನೂ ಅನ್ಲಿಲ್ಲ. ಮಾರನೇ ದಿನದಿಂದ ಟಾರ್ಚ್ ಹಿಡ್ಕೊಂಡು ಜೊತೇಲಿ ಬಂದ್ಲು. ಬೆಳಕನ್ನ ಮೊದ್ಲು ಕೆಂಪು ತಂತಿ ಮೇಲೆ ಬಿಡೋಳು, ಆಮೇಲೆ ಕಪ್ಪಿನ ಮೇಲೆ. ಅಷ್ಟೇ. ಬಾಯಿಬಿಟ್ಟು ಒಂದಿನಾನೂ ಆಡ್ಲಿಲ್ಲ. ಅವ್ಳು ಹೋದ್ಮೇಲೆ ಕೆಲಸಕ್ಕೆ ಮುಂಚೆ ಯಾರನ್ನಾದ್ರೂ ಮಾತಿಗೆಳೆದು, ಕೆಂಪು ಯಾವ್ದು ಅಂತ ಬಾಯಿ ಬಿಡಿಸಿ, ದಾರ ಕಟ್ಕೋತಿದ್ದೆ. ಕೆಂಪಿಗೆ ಒಂದು ಗಂಟು, ಕಪ್ಪಿಗೆ ಎರಡು."

ಬೆಳಿಗ್ಗೆ "ಪುಟ್ಟಿ, ಈ ಕೆಂಪು ತಂತಿ ಮೇಲೆ ಎಷ್ಟು ಕೊಳೆ ನೋಡು" ಎಂದು ಅಪ್ಪ ತಪ್ಪು ತಂತಿ ತೋರಿಸಿದ್ದು, "ಅದು ಕಪ್ಪಲ್ವೇನಪ್ಪಾ" ಎಂದು ನಾನು ನಕ್ಕಿದ್ದು ಆಗ ನೆನಪಾಯಿತು. ಅದೇ ಮಾತನ್ನು ಎರಡನೇ ಸಲ ತೆಗೆದಿದ್ದರೆ ಸೀಟಿಗೆ ಅನುಮಾನ ಬರುತ್ತಿತ್ತು. ನನ್ನ ಬಾಯಿಂದಲೇ ಹೇಳಿಸಿಕೊಂಡು ಕಟ್ಟಿದ ಗಂಟನ್ನು ನಾನೇ ಕತ್ತರಿಸಿದ್ದೆ.

ಸೀಟಿ ಪೆನ್ನಿಗೆ ಮುಚ್ಚಳ ಹಾಕಿ, ಟೀ ಕುಡಿಯದೆ ಹೋದ. ಸಂಜೆಯ ಹೊತ್ತಿಗೆ ಹಲಗೆಯ ಮೇಲೆ ಅಪ್ಪನ ಹೆಸರಿರಲಿಲ್ಲ.

"ಹೋಗ್ಲಿ ಬಿಡು. ಅಳಿಯಂದಿರು ಉಸಿರಾಡ್ತಿದಾರಲ್ಲ, ಸಾಕು" ಎಂದ ಅಪ್ಪ. ಮೂರು ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಕೆಲಸವಿಲ್ಲದ ಅಪ್ಪನನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದ. ನಾಲ್ಕನೆಯ ದಿನ ತಡೆಯಲಾರದೆ ಆಫೀಸಿಗೆ ನುಗ್ಗಿದೆ.

"ಮೂವತ್ತಾರು ವರ್ಷದಲ್ಲಿ ಅವ್ರು ಮಾಡಿದ ಕೆಲಸಕ್ಕೆ ಒಂದು ಕಿಡಿ ಹಾರಿದ್ದು ತೋರ್ಸಿ ನೋಡೋಣ! ಹೋದ ವರ್ಷ ಬೆಂಕಿ ಬಿತ್ತಲ್ಲ, ಆ ವೈರಿಂಗ್ ಮಾಡಿದೋನಿಗೆ ಎರಡೂ ಕಣ್ಣು ಚೆನ್ನಾಗಿತ್ತಲ್ಲ?"

ಸೀಟಿ ಕೆಟ್ಟವನಲ್ಲ. ತಲೆ ಕೆರೆದುಕೊಂಡ. "ನಂಗೂ ಮನಸ್ಸಿಲ್ಲಮ್ಮ. ಆದ್ರೆ ಕಿವಿಯಾರೆ ಕೇಳಿದೀನಿ, ನಲವತ್ತು ಮನೆ ಜವಾಬ್ದಾರಿ ನಂದು. ಅವ್ರೊಬ್ರನ್ನೇ ಬಿಡೋಕಾಗಲ್ಲ."

"ಒಬ್ರೇ ಯಾವಾಗ ಬರ್ತಿದ್ರು? ಅಮ್ಮ ಹೋದ ಈ ಎರಡು ವರ್ಷ ಬಿಟ್ರೆ, ಯಾವತ್ತಾದ್ರೂ ಒಬ್ರೇ ಬಂದಿದ್ರಾ?"

ಅವನು ಎದ್ದು ಹಲಗೆಯ ಮೇಲೆ, ಈ ಸಲ ಕೊನೆಯಲ್ಲಿ, ಅಪ್ಪನ ಹೆಸರು ಬರೆದ. ಪಕ್ಕದಲ್ಲಿ "ಮತ್ತು ಮಗಳು" ಎಂದು ಸೇರಿಸಿದ.

ಮಾರನೆಯ ವಾರ ಹದಿನೇಳನೆಯ ಗಾಡಿಯಲ್ಲಿ ದೀಪ ಕೆಟ್ಟಿತು. ಅರ್ಧ ಹೊಲಿದ ಅಂಗಿಯನ್ನು ಮೆಷಿನ್ನಿನ ಮೇಲೇ ಬಿಟ್ಟು ಎದ್ದೆ. ಗಿರಾಕಿಗಳ ಬೈಗುಳ ಕೇಳುವ ಪಾಳಿ ಈಗ ನನ್ನ ಗಂಡನದು. ಅಪ್ಪ ಸ್ವಿಚ್ಚಿನ ಹಲಗೆ ಬಿಚ್ಚಿ ತಂತಿಗಳನ್ನು ಹೊರಗೆಳೆದ. ಸೀಟಿ ಬಾಗಿಲಲ್ಲಿ ನಿಂತಿದ್ದ, ಆ ಮನೆಯವರೆಲ್ಲ ನೋಡುತ್ತಿದ್ದರು. ನಾನು ಏನೂ ಮಾತಾಡದೆ ಟಾರ್ಚ್ ಹಚ್ಚಿ, ಬೆಳಕನ್ನು ಮೊದಲು ಕೆಂಪು ತಂತಿಯ ಮೇಲೆ ಬಿಟ್ಟೆ. ಅಪ್ಪನ ಕೈ ಒಂದು ಗಳಿಗೆ ನಿಂತು, ಕೆಲಸಕ್ಕೆ ತೊಡಗಿತು.

ಪರೀಕ್ಷೆಯ ದಿನ ಅಮ್ಮ ನನ್ನ ತಲೆ ಬಾಚುವುದನ್ನು ಅರ್ಧಕ್ಕೆ ಬಿಟ್ಟು ಓಡಿದ್ದು ಯಾಕೆಂದು ಆ ಬೆಳಕಿನಲ್ಲಿ ನನಗೆ ಅರ್ಥವಾಯಿತು. ಇಷ್ಟು ವರ್ಷ ಬೈದುಕೊಂಡಿದ್ದಕ್ಕೆ ಮನಸ್ಸಿನಲ್ಲೇ ಅವಳ ಕ್ಷಮೆ ಕೇಳಿದೆ. ಬೆಳಕು ಅಲುಗದಂತೆ ಟಾರ್ಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.