ಸಾಕ್ಷಿ ಸಾಲದು

ಸರ್ಕಾರಿ ವಕೀಲರನ್ನು ಕೋರ್ಟಿನಲ್ಲಿ ಎಲ್ಲರೂ 'ಪೆನ್ಸಿಲ್ ಸಾಹೇಬ್ರು' ಎನ್ನುತ್ತಿದ್ದರು. ಪೊಲೀಸರ ಫೈಲು ಬಂದರೆ ಅದರ ರಟ್ಟಿನ ಮೇಲೆ ಮೊದಲು ಪೆನ್ಸಿಲಿನಲ್ಲಿ ಅಭಿಪ್ರಾಯ ಬರೆಯುವುದು, ಒಂದು ಲೋಟ ಚಹಾ ಕುಡಿಯುತ್ತ ಯೋಚಿಸುವುದು, ಆಮೇಲೆ ಪೆನ್ನು. ಯಾರ ಮೇಲೆ ಯಾವ ಆರೋಪ ಹೊರಿಸಬೇಕು, ಯಾರನ್ನು ಬಿಟ್ಟುಬಿಡಬೇಕು ಎಂಬುದು ಅವರ ಕೈಯಲ್ಲಿತ್ತು. ಇಪ್ಪತ್ತೆರಡು ವರ್ಷದಿಂದ ಆ ಪೆನ್ಸಿಲಿನ ಬಗ್ಗೆ ಅವರಿಗಿದ್ದ ಜಂಭ ಅಷ್ಟಿಷ್ಟಲ್ಲ.

ರೋಗಿಯೊಬ್ಬರ ಸರವನ್ನು ಆಸ್ಪತ್ರೆಯ ಆಯಾ ಕದ್ದಳೆಂಬ ಫೈಲಿನ ಮೇಲೂ ಬರೆದಿದ್ದರು: 'ಸಾಕ್ಷಿ ಸಾಲದು.' ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಬಂದು ಕುರ್ಚಿ ಎಳೆದುಕೊಂಡ.

"ಆಸ್ಪತ್ರೆಯವರು ತಲೆ ತಿಂತಿದ್ದಾರೆ ಸಾರ್. ದೊಡ್ಡ ಸೆಕ್ಷನ್ನೇ ಹಾಕಿ. ಹೆದರಿ ಚಿಕ್ಕದನ್ನ ಒಪ್ಕೋತಾಳೆ. ಆಗ ಸಾಕ್ಷಿ ಯಾಕೆ ಬೇಕು?"

ಅಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಸಾಹೇಬರು ರಬ್ಬರ್ ಹುಡುಕಿದರು. ಚಹಾ ಇನ್ನೂ ಬಂದಿರಲಿಲ್ಲ.

ಬೀಗ ಒಡೆದು ಕಳವು, ಏಳು ವರ್ಷ ಜೈಲು ಎಂದು ಕೇಳಿ ಆಯಾ ಕಂಗಾಲಾದಳು. "ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ತಾಯಿ. ಚಿಕ್ಕದನ್ನ ಒಪ್ಕೊಂಡು ಮನೆಗೆ ಹೋಗು" ಎಂದ ಅವಳ ವಕೀಲ. ಒಪ್ಪಿಕೊಂಡಳು. ಮರುದಿನವೇ ಕೆಲಸ ಹೋಯಿತು.

ಮೂರು ತಿಂಗಳ ಮೇಲೆ ಸರ ಆ ರೋಗಿ ಆಗ ಮಲಗಿದ್ದ ಹಾಸಿಗೆಯ ಹರಿದ ಹೊಲಿಗೆಯೊಳಗೆ ಸಿಕ್ಕಿತು. ಸಾಹೇಬರು ಜಡ್ಜ್ ಕೋಣೆಗೆ ಓಡಿದರು.

"ಕೇಸು ವಾಪಸ್ ತಗೋತೀನಿ."

"ತೀರ್ಪಿಗೆ ಮುಂಚೆ ತಗೋಬೇಕಿತ್ತು" ಎಂದರು ಜಡ್ಜ್. "ಈಗ ಅದು ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ಅವಳು ಮೇಲಿನ ಕೋರ್ಟಿಗೆ ಹೋಗ್ಲಿ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸಾಹೇಬರು ಮೇಲ್ಮನವಿಯ ಕಾಗದ ಹಿಡಿದು ಆಯಾಳ ಮನೆ ಹುಡುಕಿಕೊಂಡು ಹೋದರು.

"ಕಾಗದ ಆಮೇಲೆ ಸಾರ್" ಎಂದಳು ಅವಳು. "ನನ್ನ ಮಗಳು ನನ್ನ ಹತ್ರ ಮಾತು ಬಿಟ್ಟು ಮೂರು ತಿಂಗಳಾಯ್ತು. ಕದ್ದಿಲ್ಲ ಅಂದ್ರೆ ಯಾಕೆ ಒಪ್ಕೊಂಡೆ ಅಂತ ಕೇಳಿದ್ದೇ ಕೊನೆ. ನೀವೇ ಹೇಳಿ ಅವಳಿಗೆ."

ಮಗಳು ಶಾಲೆಯ ಯೂನಿಫಾರ್ಮಿನಲ್ಲೇ ಹೊರಗೆ ಬಂದಳು. ಸರ ಸಿಕ್ಕಿದ್ದನ್ನು ಸಾಹೇಬರು ಹೇಳಿದರು.

"ಅಮ್ಮ ಕದ್ದಿಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

'ಮೊನ್ನೆ' ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಭೂಮಿ ಬಾಯ್ಬಿಟ್ಟು ನುಂಗಬಾರದೇ ಎನ್ನಿಸುವಷ್ಟು ನಾಚಿಕೆಯಾಯಿತು.

"ಮೊದಲ ದಿನವೇ ಅನುಮಾನ ಇತ್ತಮ್ಮ. ಬರೆದೂ ಇದ್ದೆ. ಅಳಿಸಿಬಿಟ್ಟೆ."

ಹುಡುಗಿ ಹೋಗಿ ಅಮ್ಮನ ಕೈ ಹಿಡಿದುಕೊಂಡಳು. ಸಾಹೇಬರಿಗೆ ಕೂತ್ಕೊಳ್ಳಿ ಎಂದು ಯಾರೂ ಹೇಳಲಿಲ್ಲ.